ತಲೆಕೆಳಗಾದ ಹಡಗು

ಹೆಂಗಸು ಸ್ಟಾಂಪನ್ನು ಬರಿ ಬೆರಳಲ್ಲೇ ಎತ್ತಿ ಹಿಡಿದಾಗ ವೆಂಡೆಲ್‌ನ ಎದೆ ಧಸಕ್ಕೆಂದಿತು.

ಹಳೆಯ ಸ್ಟಾಂಪನ್ನು ಚಿಮಟದಲ್ಲಲ್ಲದೆ ಯಾರಾದರೂ ಮುಟ್ಟುತ್ತಾರೆಯೇ? ಬೆರಳಿನ ಜಿಡ್ಡು ತಾಗಿದರೆ ಅರ್ಧ ಬೆಲೆ ಹೋದಂತೆಯೇ. ಅದರಲ್ಲೂ ಇದು ೧೯೦೧ರ ಒಂದು ಸೆಂಟಿನ ಹಸಿರು ಸ್ಟಾಂಪು. ನಡುವಿನ ಹಡಗು ತಲೆಕೆಳಗಾಗಿ ಅಚ್ಚಾಗಿತ್ತು. ಓಹಾಯೋದ ಊರೂರು ಅಲೆದು, ಸತ್ತವರ ಆಲ್ಬಂಗಳನ್ನು ಕೊಂಡು ಮಾರಿ ಬದುಕುತ್ತಿದ್ದ ವೆಂಡೆಲ್ ಅಂಥದ್ದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದ. ಇದೊಂದು ದಕ್ಕಿದರೆ ಈ ಅಲೆದಾಟವನ್ನೇ ಬಿಟ್ಟುಬಿಡಬಹುದಿತ್ತು.

"ಹಾಳಾದ ಮಾಲು, ಮೇಡಂ," ಎಂದ. "ಅಚ್ಚು ಹಾಕೋನು ಆವತ್ತು ಕುಡಿದಿದ್ದ ಅಂತ ಕಾಣುತ್ತೆ."

ಆಕೆ ನಗಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಒಪ್ಪಿಸಿದಳು. ಹೆಸರು ಮಿಸೆಸ್ ಟಾಲಿವರ್. ಗಂಡ ತೀರಿಕೊಂಡು ತಿಂಗಳಾಯಿತು. ಈ ದಿನವೇ ತಂಗಿಯ ಊರಿಗೆ ಹೊರಡಬೇಕು. ದುಡ್ಡು ಕೈಗೇ ಬೇಕು, ಚೆಕ್ ಬೇಡ. ಮಾತಿನ ನಡುವೆ ಕಿಟಕಿಯಾಚೆಯ ರಸ್ತೆಯನ್ನು ನೋಡುತ್ತಿದ್ದಳು. ಗಂಡ ಜೀವವಿಟ್ಟು ಕೂಡಿಸಿದ್ದು, ಹೆಂಡತಿಗೆ ಅದರ ಗಂಧಗಾಳಿಯೂ ಇಲ್ಲ. ಇಂಥ ವಿಧವೆಯರ ಮುಂದೆಯೇ ವೆಂಡೆಲ್‌ನ ಬೇಳೆ ಬೇಯುತ್ತಿದ್ದುದು.

ಸ್ಟಾಂಪಿನ ಮೇಜು ತಗ್ಗಾಗಿತ್ತು. ಅದರ ಮೇಲೆ ಮೇ ತಿಂಗಳ ಬಿಸಿಲು ಬಿದ್ದಿತ್ತು. ಭೂತಗನ್ನಡಿ, ಚಿಮಟ, ದೀಪ ಎಲ್ಲ ಕೈಗೆಟಕುವಂತೆ ಒಪ್ಪವಾಗಿದ್ದವು. ಮುಂದೆ ಕುರ್ಚಿ ಮಾತ್ರ ಇರಲಿಲ್ಲ. ಆಕೆ ಅಡುಗೆಮನೆಯಿಂದ ಒಂದನ್ನು ಎಳೆದು ತಂದಳು.

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ನೆಲಮಾಳಿಗೆಯಿಂದ ಗೋಡೆಯ ಪಕ್ಕ ಹತ್ತಿ ಬಂದಿದ್ದ ಬಿಸಿನೀರಿನ ಕೊಳವೆ ಸದ್ದು ಮಾಡಿತು. ಟಣ್, ಟಣ್, ಟಣ್. ನಿಂತಿತು. ಮತ್ತೆ ಟಣ್, ಟಣ್, ಟಣ್.

ವೆಂಡೆಲ್ ಆಲ್ಬಮನ್ನು ಸರಕ್ಕನೆ ಆಚೆ ಸರಿಸಿದ. ಬಿಸಿ ತಾಗಿದರೆ ಹಳೆಯ ಗೋಂದು ಬಿರಿಯುತ್ತದೆ. ಅಭ್ಯಾಸಬಲದಿಂದ ಕೊಳವೆಯನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಸದ್ಯ, ಎಂದುಕೊಂಡ.

"ನೆಲಮಾಳಿಗೆ ಬಾಯ್ಲರ್ ಹಳೇದು," ಎಂದಳು ಆಕೆ. "ಇನ್ನು ಸ್ವಲ್ಪ ಹೊತ್ತು ಅಷ್ಟೆ. ತಾನಾಗೇ ಸುಮ್ಮನಾಗುತ್ತೆ."

ಎಲ್ಲ ಆಲ್ಬಂಗಳಿಗೂ ಸೇರಿಸಿ ಎಂಬತ್ತು ಡಾಲರ್ ಎಂದ. ಚೌಕಾಸಿಗೆ ಸಿದ್ಧನಾಗಿಯೇ ಇದ್ದ. ಆಕೆ ಮರುಮಾತಿಲ್ಲದೆ ಕೈ ಚಾಚಿದಳು, ನೋಟುಗಳನ್ನು ಎಣಿಸಲೂ ಇಲ್ಲ. ವೆಂಡೆಲ್‌ಗೆ ಒಂದು ಗಳಿಗೆ ನಾಚಿಕೆಯಾಯಿತು. ಅದು ಹಾದುಹೋಗುವ ತನಕ ಸುಮ್ಮನಿರುವುದು ಅವನಿಗೆ ರೂಢಿಯಾಗಿತ್ತು.

ಬಾಗಿಲ ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು ಹಾಕಿತ್ತು. ಕಾಯಿಲೆಯ ಗಂಡನಿಗಾಗಿ ಇರಬೇಕು, ಪಾಪ. ಆಕೆ ಅರ್ಧದಷ್ಟು ಆಲ್ಬಂಗಳನ್ನು ತಾನೇ ಹೊತ್ತು, ಆ ಹಲಗೆಯ ಮೇಲೆ ದಾಪುಗಾಲು ಹಾಕುತ್ತ ಕಾರಿನ ತನಕ ತಂದಳು. ಒಳಗೆ ಕೊಳವೆಯ ಸದ್ದು ಇನ್ನೂ ಕೇಳುತ್ತಿತ್ತು. ಈಗ ಬಹಳ ನಿಧಾನವಾಗಿತ್ತು.

ಊರಾಚೆಯ ಹೋಟೆಲಿನಲ್ಲಿ ವೆಂಡೆಲ್ ಕಾಫಿ ಮತ್ತು ಚೆರಿ ಪೈ ಹೇಳಿದ. ಹಡಗಿನ ಸ್ಟಾಂಪು ಎದೆಯ ಜೇಬಿನಲ್ಲಿತ್ತು. ಬಡಿಸುವ ನೆಡ್ರಾಗೆ ಮಾತಿನ ಚಪಲ. ಯಾರ ಮನೆಗೆ ಬಂದಿದ್ದಿರಿ ಎಂದು ಕೇಳಿದಳು. ಟಾಲಿವರ್ ಮನೆಗೆ, ಎಂದ ವೆಂಡೆಲ್. ಗಂಡನ ಸ್ಟಾಂಪುಗಳನ್ನು ಮಾರಿ ಊರು ಬಿಡುತ್ತಿದ್ದಾರೆ, ಪಾಪ.

"ಯಾವ ಗಂಡ?" ನೆಡ್ರಾ ನಕ್ಕಳು. "ಮಿಸ್ ಟಾಲಿವರ್ ಮದುವೇನೇ ಆಗಿಲ್ಲ. ಆ ಸ್ಟಾಂಪೇ ಅವರ ಗಂಡ, ಮಕ್ಕಳು, ಎಲ್ಲಾ. ಅವನ್ನ ಮಾರ್ತಾರಾ? ಇನ್ಯಾರನ್ನೋ ನೋಡಿ ಬಂದಿದೀರಿ ನೀವು."

ವೆಂಡೆಲ್‌ನ ಕೈ ಜೇಬಿನ ಮೇಲೆ ಹೋಯಿತು. ಇಲ್ಲ, ಅವರೇ, ಎಂದ. ನನ್ನ ಜೊತೆ ಆಲ್ಬಂ ಹೊತ್ತುಕೊಂಡು ಕಾರಿನ ತನಕ ನಡೆದು ಬಂದರಲ್ಲ.

ನೆಡ್ರಾ ಕಾಫಿ ಸುರಿಯುವುದನ್ನು ನಿಲ್ಲಿಸಿದಳು.

"ನಡ್ಕೊಂಡಾ? ಪೋಲಿಯೋ ಬಂದಾಗಿಂದ ಅವರು ಗಾಲಿಕುರ್ಚಿ ಬಿಟ್ಟು ಎದ್ದಿದ್ದೇ ಇಲ್ವಲ್ಲ, ಸಾರ್."