ಅಳಿವೆಯ ಪಾಲಿನ ನೀರು

"ಸಮುದ್ರಕ್ಕೆ ಸೇರೋ ನೀರು ದಂಡ ತಾನೇ ಮೇಡಂ? ಬೇಸಿಗೆಯಲ್ಲಿ ಅಣೆಕಟ್ಟಿನ ಗೇಟು ಮುಚ್ಚಿದ್ರೆ ಯಾರಿಗೇನು ನಷ್ಟ?" ಎಂದು ಮುಖ್ಯ ಎಂಜಿನಿಯರರು ಕೇಳಿದಾಗ ವೇದಿಕೆಯ ಮೇಲಿದ್ದ ವೃಂದಾ ತಡವರಿಸಿದಳು. ಎಗ್ಮೋರಿನ ಆ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದ ಉಷಾಳಿಗೆ ಒಳಗೊಳಗೇ ಹಿತವೆನಿಸಿತು.

ಆರು ವರ್ಷ ತಿರುವೊಟ್ಟಿಯೂರಿನಾಚೆ ನದಿ ಕಡಲು ಸೇರುವ ಅಳಿವೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ನೀರಿನ ಉಪ್ಪು ಅಳೆದವಳು ಉಷಾ. ಅಳಿವೆಯ ವರದಿ ಮಂಡಿಸುವ ಅವಕಾಶ ಮಾತ್ರ ಅವಳ ಸಂಶೋಧನಾ ಸಂಸ್ಥೆಗೆ ಹೋದ ವರ್ಷವಷ್ಟೇ ಸೇರಿದ ವೃಂದಾಳಿಗೆ ಸಿಕ್ಕಿತ್ತು. ಇಡೀ ಬೆಳಿಗ್ಗೆ ಅವಳಿಗೆ ಬಿದ್ದ ಒಂದೊಂದು ಚಪ್ಪಾಳೆಯೂ ಉಷಾಳ ಹೊಟ್ಟೆಗೆ ಕಿಚ್ಚು ಹಚ್ಚಿತ್ತು.

"ಬೇಸಿಗೆಯ ಅಳತೆ ನಮ್ಮಲ್ಲಿಲ್ಲ ಸಾರ್," ಎಂದಳು ವೃಂದಾ. ಅವಳ ಕಿವಿ ಕೆಂಪಾದದ್ದನ್ನು ಉಷಾ ಕಣ್ತುಂಬ ನೋಡಿದಳು. ಹೋದ ವಾರ ಇದೇ ವೃಂದಾ, "ಉಷಕ್ಕಾ, ಬೇಸಿಗೇದು ನಿಮ್ಮ ಹತ್ರ ಏನಾದ್ರೂ ಇದೆಯಾ?" ಎಂದು ಕೇಳಿಕೊಂಡು ಬಂದಾಗ, ಉಷಾ ಇಲ್ಲವೆಂದು ಸುಳ್ಳು ಹೇಳಿ ಕಳಿಸಿದ್ದಳು.

"ಹಾಗಾದ್ರೆ ಮುಚ್ಚಿಬಿಡೋಣ," ಎಂದು ಎಂಜಿನಿಯರರು ಕಡತ ಎಳೆದುಕೊಂಡರು.

ತಾನು ಯಾವಾಗ ಎದ್ದು ನಿಂತೆನೋ ಉಷಾಳಿಗೇ ತಿಳಿಯಲಿಲ್ಲ. "ಬೇಡ ಸಾರ್! ಗೇಟು ಮುಚ್ಚಿದ ಎರಡು ಬೇಸಿಗೇಲೂ ಅಳಿವೆ ನೀರು ಸಮುದ್ರಕ್ಕಿಂತ ಉಪ್ಪಾಯ್ತು. ಸಿಗಡಿ ಮರಿ ಉಳೀಲಿಲ್ಲ. ಮೀನುಗಾರರು ಖಾಲಿ ಬಲೆ ಎಳೆದ್ರು. ಅಳತೆ ಪೂರ್ತಿ ನನ್ನ ಹತ್ರ ಇದೆ."

"ಮತ್ತೆ ವರದಿಯಲ್ಲಿ ಯಾಕಿಲ್ಲ?" ಎಂದು ಅವರು ವೃಂದಾಳತ್ತ ಸಿಡುಕಿದರು. ತಪ್ಪು ತನ್ನದೇ ಎಂಬಂತೆ ಅವಳು ತಲೆ ತಗ್ಗಿಸಿದಳು.

"ಅವಳನ್ನ ಕೇಳಬೇಡಿ," ಎಂದಳು ಉಷಾ. "ಹೊಟ್ಟೆಕಿಚ್ಚಿಗೆ ನಾನೇ ಕೊಡಲಿಲ್ಲ."