ಬೀಳಲೆಂದೇ ಬರೆದ ವಿಮಾನ

ಮೂರನೆಯ ಸಲ ಬಂದಾಗ ಕಾದಂಬರಿಕಾರ ಕೇಳಿದ್ದು, ಈ ವಿಮಾನ ಬಿದ್ದರೆ ಏನೇನು ಉಳಿಯುತ್ತದೆ ಎಂದು.

ನಕ್ಷೆಗಾರ್ತಿ ಪೆನ್ಸಿಲ್ ಕೆಳಗಿಟ್ಟಳು. ಎಂಟು ವರ್ಷಗಳಿಂದ ಅವಳು ಎಲ್ಲೂ ಇಲ್ಲದ ಸೇನಾ ವಿಮಾನಗಳನ್ನು ಬರೆಯುತ್ತಿದ್ದಳು. ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಕಥೆ ಕಟ್ಟುವವರಿಗೆ ಅಂಥ ವಿಮಾನಗಳು ಬೇಕಾಗುತ್ತವೆ. ಅವರೆಲ್ಲ ಕೇಳುತ್ತಿದ್ದದ್ದು ವೇಗ, ಎತ್ತರ, ಬಾಂಬು. ಬೀಳುವುದನ್ನು ಕೇಳಿದವನು ಇವನೊಬ್ಬನೇ.

ಅವಳಿಗೆ ಅನುಮಾನ ಹುಟ್ಟಿದ್ದು ಅಲ್ಲಿಂದ. ಈ ಮನುಷ್ಯ ಇದುವರೆಗೆ ತನ್ನ ಕಾದಂಬರಿಯ ಒಂದು ಪುಟವನ್ನೂ ಓದಿ ಹೇಳಿರಲಿಲ್ಲ, ನಾಯಕನ ಬಗ್ಗೆ ಕೊರೆದಿರಲಿಲ್ಲ. ಕಾದಂಬರಿಕಾರರಲ್ಲಿ ಇದು ನಂಬಲಾಗದ ಗುಣ. ಅವಳಾದರೋ ಹಿಂದೆ ಸೇನೆಗೆ ವಿಮಾನ ಮಾಡುವ ಕಾರ್ಖಾನೆಯಲ್ಲಿದ್ದವಳು, ಅಲ್ಲಿ ಕಂಡದ್ದನ್ನು ಹೊರಗೆ ಬಾಯಿಬಿಡುವುದಿಲ್ಲ ಎಂದು ಸಹಿ ಹಾಕಿ ಬಂದವಳು. ಕಥೆಯ ನೆಪದಲ್ಲಿ ಅದನ್ನೇ ಕೆದಕುತ್ತಿದ್ದಾನೆಯೇ? ತನಗೇನಾದರೂ ಆಗಲಿ, ಆದರೆ ಅವಳ ತಮ್ಮ ಸೈನ್ಯದಲ್ಲಿದ್ದ. ಅಕ್ಕ ಗುಟ್ಟು ಹೊರಗೆ ಹಾಕಿದಳೆಂದರೆ ಅವನ ಬದುಕೇ ಮಣ್ಣುಪಾಲು. ತಂದೆಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅದನ್ನು ನೆನೆದಾಗೆಲ್ಲ ಅವಳಿಗೆ ಭಯವಾಗುತ್ತಿತ್ತು.

ಅದಕ್ಕೇ ಕಾರ್ಖಾನೆಯ ಒಂದು ಗೆರೆಯೂ ನುಸುಳದಂತೆ ನೋಡಿಕೊಂಡಳು. ರೆಕ್ಕೆ, ಬಾಲ, ಎಂಜಿನ್ ಎಲ್ಲ ಅವಳ ತಲೆಯಿಂದ ಬಂದದ್ದು. ಹಾಗೆಂದು ಹಾರಲಾರದ ವಿಮಾನ ಬರೆಯುವುದು ಅವಳ ಜಾಯಮಾನದಲ್ಲಿರಲಿಲ್ಲ. ಇಂಥ ಪುಸ್ತಕಗಳ ಓದುಗರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕುವ ಜನ. ಒಮ್ಮೆ ಚಕ್ರ ಮಡಚಿಕೊಳ್ಳಲು ಒಳಗೆ ಜಾಗವೇ ಇಲ್ಲವೆಂದು ನಿವೃತ್ತ ಮೇಷ್ಟ್ರೊಬ್ಬರು ಒಂಬತ್ತು ಪುಟದ ಕಾಗದ ಬರೆದು ಅವಳ ಮಾನ ಕಳೆದಿದ್ದರು. ಅಂದಿನಿಂದ ಅವಳು ಬೋಲ್ಟಿನ ತೂಕವನ್ನೂ ಬಿಡುತ್ತಿರಲಿಲ್ಲ.

ಇವನ ಕಥೆಯ ಇತಿಹಾಸ ತೀರ ಈಚಿನದು. ಹೋದ ವರ್ಷ ನೆರೆದೇಶದ ಜೊತೆ ಆದ ಶಾಂತಿ ಒಪ್ಪಂದ ಆಗದೇ ಹೋಗಿದ್ದರೆ? ಆಗ ಸೇನೆ ಗುಟ್ಟಾಗಿ ಒಂದು ಹೊಸ ವಿಮಾನ ಮಾಡುತ್ತದೆ. ಪರೀಕ್ಷೆಯ ಹಾರಾಟದಲ್ಲೇ ಅದು ಹನ್ನೊಂದು ಮಂದಿ ಸೈನಿಕರ ಸಮೇತ ಕಾಡಿಗೆ ಬೀಳುತ್ತದೆ. ಆಮೇಲೆ ಯಾರಿಗೂ ಏನೂ ಸಿಗಬಾರದು.

"ಕಾಡಿಗೆ ಬಿದ್ರೆ ನಿಮ್ಮ ಕಥೆ ನಿಲ್ಲಲ್ಲ," ಎಂದಳು ಅವಳು. "ಚೂರು ಸಿಗುತ್ತೆ, ದೇಹ ಸಿಗುತ್ತೆ. ಎಲ್ಲಿ, ತೋರ್ಸಿ ಅಂತಾರೆ ಜನ."

"ಮತ್ತೆಲ್ಲಿ ಬೀಳಿಸೋಣ?"

"ಸಮುದ್ರಕ್ಕೆ. ಆಳ ಇರೋ ಕಡೆ."

ಅವನು ಬರೆದುಕೊಂಡ. ಅಷ್ಟರಲ್ಲಿ ಅವಳಿಗೂ ಹುರುಪು ಬಂದಿತ್ತು; ಕಸುಬಿನ ಮಾತು ಬಂದರೆ ಅನುಮಾನ ಗಿನುಮಾನ ಎಲ್ಲ ಮರೆಯುವ ಹೆಂಗಸು. ನೀರಿನ ಮೇಲೆ ಏನೂ ಏಕೆ ತೇಲಲಿಲ್ಲ ಎಂದು ಕೇಳುತ್ತಾರೆ, ಆದ್ದರಿಂದ ಇಂಧನದ ಟ್ಯಾಂಕು ಸೀಟುಗಳ ಕೆಳಗೇ ಇರಲಿ, ಮೊದಲು ಸುಟ್ಟು ಆಮೇಲೆ ಮುಳುಗಲಿ ಎಂದಳು. ಕೊನೆಯ ಮಾತು ಏಕೆ ಕೇಳಿಸಲಿಲ್ಲ ಎಂದರೆ, ಗುಟ್ಟಿನ ಹಾರಾಟ, ರೇಡಿಯೋ ಆಫ್ ಮಾಡಿದ್ದರು ಎನ್ನಿ ಎಂದಳು. ಅವನ ಕಥೆಯಲ್ಲಿದ್ದ ತೂತುಗಳನ್ನೆಲ್ಲ ಒಂದೊಂದಾಗಿ ತಾನೇ ಮುಚ್ಚಿಕೊಟ್ಟಳು.

ಮರುವಾರ ಅವನು ಫೋನ್ ಮಾಡಿದ. ಇನ್ನೊಂದು ಸೀಟು ಬೇಕಂತೆ.

"ಇದೇನು ಸಿಟಿ ಬಸ್ಸಾ, ಒಳಗೆ ಸರೀರಿ ಅನ್ನೋಕೆ?"

ಅವನು ನಗಲಿಲ್ಲ. ಕಥೆಗೆ ಒಬ್ಬ ಜಾಸ್ತಿಯಾದ, ಜಾಗ ಮಾಡಿ ಎಂದಷ್ಟೇ ಹೇಳಿದ. ಅವಳು ಗೊಣಗುತ್ತಲೇ ಬಾಗಿಲನ್ನು ಮೊಳದಷ್ಟು ಹಿಂದಕ್ಕೆ ಸರಿಸಿ, ಅದರ ಪಕ್ಕದಲ್ಲಿ ಹನ್ನೆರಡನೆಯದನ್ನು ಕೂರಿಸಿದಳು. ತೂಕವನ್ನು ಮತ್ತೆ ಮೊದಲಿಂದ ಲೆಕ್ಕ ಹಾಕಿ, ಸೋಮವಾರ ನಕ್ಷೆ ಒಪ್ಪಿಸಿ ಕೈತೊಳೆದುಕೊಂಡಳು.

ಅದೇ ಶುಕ್ರವಾರ ತಮ್ಮನ ಫೋನ್ ಬಂತು. ಮಾರನೆಯ ದಿನ ಎಲ್ಲಿಗೋ ಹೊರಡುತ್ತಿದ್ದ, ಎಲ್ಲಿಗೆಂದು ಹೇಳುವ ಹಾಗಿರಲಿಲ್ಲ. ಬೆಟ್ಟ ಹತ್ತುವ ಬೂಟು ಕೊಟ್ಟಿದ್ದಾರೆಂದು ಮಗುವಿನ ಹಾಗೆ ಹಿಗ್ಗಿದ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಮೇಲಿನವರಿಗೆ ಗಂಟುಬಿದ್ದು ತಾನೂ ಸೇರಿಕೊಂಡನಂತೆ. ಕಾದಂಬರಿಕಾರನ ವಿಷಯ ಅವಳ ನಾಲಗೆಯ ತುದಿಗೆ ಬಂತು. ಹೊರಟವನ ತಲೆಗೆ ಹುಳ ಬಿಡುವುದೇಕೆಂದು ಸುಮ್ಮನಾದಳು.

ಆಮೇಲಿನ ದಿನಗಳಲ್ಲಿ ಬೀದಿಯಲ್ಲಿ ಯಾವ ಗಾಡಿ ನಿಂತರೂ ಅವಳು ಕಿಟಕಿಗೆ ಓಡುತ್ತಿದ್ದಳು. ಮೂರನೆಯ ವಾರ ಬೆಳಗ್ಗೆ ಸೇನೆಯ ಜೀಪು ಬಾಗಿಲಲ್ಲೇ ನಿಂತಿತು. ತನ್ನನ್ನು ಹಿಡಿದೊಯ್ಯಲು ಬಂದರೆಂದುಕೊಂಡು, ತಪ್ಪು ಮಾಡಿಲ್ಲವೆಂದು ತೋರಿಸಲು ತನ್ನ ಕರಡು ಹಾಳೆಗಳನ್ನೆಲ್ಲ ಬಾಚಿಕೊಂಡು ಹೊರಗೆ ಬಂದಳು.

ಅಧಿಕಾರಿ ಅವಳನ್ನು ಕೇಳಲೇ ಇಲ್ಲ. ಒಳಗೆ ಬಂದು ಟೋಪಿ ತೆಗೆದು ಅವಳ ತಾಯಿಯ ಮುಂದೆ ಕೂತ. ಹೊಸ ವಿಮಾನದ ಪರೀಕ್ಷೆಯಲ್ಲಿ ಅವಘಡವಾಯಿತು, ನಿಮ್ಮ ಮಗ ಹೋದರು ಎಂದ.

ತಾಯಿ ಅಳಲಿಲ್ಲ. ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದೊಂದೇ ಕೇಳಿದಳು. ದೇಹ ಎಲ್ಲಿ? ಸಮುದ್ರ ಅಲ್ಲಿ ತುಂಬ ಆಳ. ಅಂಗಿಯ ಒಂದು ಚೂರಾದರೂ? ಮೊದಲು ಬೆಂಕಿ ಹತ್ತಿಕೊಂಡಿತ್ತು. ಕೊನೆಗೆ ಏನಾದರೂ ಅಂದನೇ? ರೇಡಿಯೋ ಆಫ್ ಇತ್ತು. ಅಧಿಕಾರಿ ಎಲ್ಲಿಯೂ ತಡವರಿಸಲಿಲ್ಲ.

ತಾಯಿ ಮಗಳ ಕಡೆ ತಿರುಗಿದಳು. "ನೀನು ವಿಮಾನ ಬಲ್ಲೋಳು. ಇವರು ಹೇಳೋದು ನಂಬೋ ಹಾಗಿದೆಯೇನೇ?"

ನಂಬದಿರಲು ಅದರಲ್ಲಿ ಒಂದೇ ಒಂದು ತೂತೂ ಇರಲಿಲ್ಲ. ನಕ್ಷೆಗಾರ್ತಿಗೆ ಬೆಟ್ಟ ಹತ್ತುವ ಬೂಟು ನೆನಪಾಯಿತು.

ಇದನ್ನು ಯಾರಿಗೂ ತೋರಿಸುವ ಹಾಗಿಲ್ಲ, ತಾಯಿಗೆ ಮಾತ್ರ ತೋರಿಸಬೇಕೆನಿಸಿತು ಎನ್ನುತ್ತ ಅಧಿಕಾರಿ ವಿಮಾನದ ಒಂದು ನಕ್ಷೆ ಬಿಚ್ಚಿ, ಬಾಗಿಲ ಪಕ್ಕದ ಸೀಟಿನ ಮೇಲೆ ಬೆರಳಿಟ್ಟ. "ಇಲ್ಲಿ ಕೂತಿದ್ರು ನಿಮ್ಮ ಮಗ."

ಆ ಸೀಟನ್ನು ಅವಳು ಬರೆದುಕೊಟ್ಟ ದಿನ ತಮ್ಮ ಇನ್ನೂ ಹೊರಟೇ ಇರಲಿಲ್ಲ.