ಗಂಗುಲಪ್ಪನ ಹಡಗು

ಹಡಗಿನ ಮೇಲಿನಿಂದ ಶಾಮಲಮ್ಮನ ನಗು ಕೇಳಿಸಿದ್ದೇ ತಡ, ಗಂಗುಲಪ್ಪನ ಕೈಯಲ್ಲಿದ್ದ ಸಲಿಕೆ ನಿಂತುಬಿಟ್ಟಿತು. ತನ್ನೂರು ಸುಗಟೂರಿನಲ್ಲಿ ಪಕ್ಕದ ಮನೆಯವಳು ಅವಳು. ಅವಳ ಗಂಟಲು ಏಳೂರಿಗೆ ಕೇಳುವಂಥದ್ದು. ಅಂದಮೇಲೆ ತನ್ನ ಹೆಂಡತಿ ವೆಂಕಟರತ್ನಮ್ಮನೂ ಹಡಗು ಹತ್ತಿರಲೇಬೇಕು. ಹಾಲಿನ ಸಂಘದ ಹೆಂಗಸರು ಬಸ್ಸು ಮಾಡಿಕೊಂಡು ಮದರಾಸು ನೋಡಲು ಬರುತ್ತಾರೆಂದು ಕಾಗದ ಬಂದಿತ್ತು. ಇಲ್ಲಿಗೂ ಬರುತ್ತಾರೆಂದು ಯಾರು ಕಂಡಿದ್ದರು!

ವಿಕ್ಟೋರಿಯಾ ರಾಣಿಯ ಕಾಲದ ಹಡಗು ಅದು. ಎರಡೂ ಪಕ್ಕದಲ್ಲಿ ನೀರು ತಳ್ಳುವ ಆಳೆತ್ತರದ ಚಕ್ರಗಳು. ಕಲ್ಲಿದ್ದಲು ಉರಿದರೆ ಹಬೆ, ಹಬೆಯಿದ್ದರೆ ಚಕ್ರ. ದಿನಕ್ಕೆ ಮೂರು ಸಲ ಜನರನ್ನು ಕರಾವಳಿ ಸುತ್ತಿಸಿ ತಂದು ಇಳಿಸುತ್ತಿತ್ತು. ಮೇಲೆ ಗಾಳಿ, ಕಡಲೆಕಾಯಿ, ಫೋಟೋ. ಕೆಳಗೆ, ಕಿಟಕಿಯೂ ಇಲ್ಲದ ಕಡೆ, ಬಾಯ್ಲರಿನ ಮುಂದೆ ಗಂಗುಲಪ್ಪ, ಹನ್ನೆರಡು ವರ್ಷದಿಂದ. ಮೈಯೆಲ್ಲ ಬರೀ ಸುಸ್ತು. ರಜೆಗೆ ಊರಿಗೆ ಹೋದಾಗ ಮಾತ್ರ ಇಸ್ತ್ರಿ ಷರಟು ತೊಟ್ಟು ಅರಳಿಕಟ್ಟೆಯ ಮೇಲೆ ಕೂತು, ಚುಕ್ಕಾಣಿ ಹಿಡಿಯೋನು ನಾನೇ ಎಂದು ಬುರುಡೆ ಬಿಟ್ಟಿದ್ದ.

ಇವತ್ತು ಮಾನ ಹೋಯಿತು ಅಂದುಕೊಂಡ. ಮುಖ ತಗ್ಗಿಸಿ ಮತ್ತೆ ಕಲ್ಲಿದ್ದಲು ಎಸೆಯತೊಡಗಿದ.

ಕಬ್ಬಿಣದ ಮೆಟ್ಟಿಲ ಮೇಲೆ ಕಾಲುಂಗುರದ ಸದ್ದಾಯಿತು. ವೆಂಕಟರತ್ನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದು ಬಂದಳು.

"ಚುಕ್ಕಾಣಿ ಹತ್ರ ಹೋಗಿದ್ದೆ. ಅಲ್ಲಿ ಬೇರೆ ಯಾರೋ ಇದ್ರು. ನಿಮ್ಮ ಹೆಸ್ರು ಹೇಳಿದ್ರೆ, ಕೆಳಗೆ ಹೋಗಮ್ಮ ಅಂದ್ರು."

"ಊರಾಗೆ ಹೇಳ್ಬೇಡ ಕಣೇ, ರತ್ನಾ."

ಅವಳು ಅವನ ಮಸಿ ಹಿಡಿದ ಮುಖ, ಬೊಬ್ಬೆಯೆದ್ದ ಅಂಗೈ ನೋಡುತ್ತ ನಿಂತಳು. ಕಣ್ಣು ತುಂಬಿಬಂತು.

ಅಷ್ಟರಲ್ಲಿ ಮೇಲಿನಿಂದ ಶಾಮಲಮ್ಮ ಕೂಗಿದಳು: "ರತ್ನಮ್ಮಕ್ಕಾ, ಸಿಕ್ಕಿದ್ರಾ ನಿಮ್ ಯಜಮಾನ್ರು? ಅವ್ರು ಹಡಗು ಓಡ್ಸೋದು ನಾವೂ ನೋಡ್ಬೇಕು!"

ಗಂಗುಲಪ್ಪ ಬಾಯ್ಲರಿನ ಕಡೆಗೆ ಮುಖ ತಿರುಗಿಸಿಕೊಂಡ.

"ಇಲ್ಲೇ ಕೆಳಗವ್ರೆ ಕಣೇ!" ವೆಂಕಟರತ್ನಮ್ಮ ಕತ್ತೆತ್ತಿ ಗದರಿದಳು. "ಇವ್ರು ಕೈ ನಿಲ್ಸಿದ್ರೆ ಹಡಗೇ ನಿಂತೋಗುತ್ತೆ. ಮಾತಾಡಿಸ್ಬೇಡ, ಹೋಗು!"

ಸುಳ್ಳೇನಲ್ಲ. ಆದರೆ ಗಂಗುಲಪ್ಪನಿಗೆ ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಹೊಳೆದಿರಲಿಲ್ಲ. ಸಲಿಕೆ ಊರಿ ಬೆವರು ಒರೆಸಿಕೊಂಡ. ಅರಳಿಕಟ್ಟೆಯ ಮೇಲೆ ಊರಿಗೆಲ್ಲ ಸಮುದ್ರದ ಕತೆ ಹೇಳಿದ್ದವನು ಮೆಲ್ಲಗೆ ಕೇಳಿದ:

"ದಡ ಬಿಟ್ಟ ಮೇಲೆ ಸಮುದ್ರ ಹೆಂಗಿರ್ತೈತೆ, ರತ್ನಾ?"

"ನಮ್ಮೂರ ಕೆರೆ ತುಂಬಿದಂಗೇ ಐತೆ," ಅಂದಳು ಅವಳು. "ಆಚೆ ದಡ ಮಾತ್ರ ಕಾಣ್ಸಲ್ಲ."